ಎಲೆಯ ಮೇಲಿನ ಮುದ್ದೆ

ಮೂವತ್ತೆಂಟನೇ ಇಸವಿಯಲ್ಲಿ, ಮನೆಗೊಂದು ನಾಯಿ ಬೇಕೆಂದು ತೀರ್ಮಾನವಾದ ಮರುದಿನವೇ ಹೊಳೆನರಸೀಪುರದ ಭತ್ತದ ವ್ಯಾಪಾರಿ ಈಶ್ವರಯ್ಯ ಹಿತ್ತಾಳೆ ಗೆಜ್ಜೆಯ ಕೊರಳಪಟ್ಟಿ ತಂದರು, ಜಗಲಿಯಲ್ಲಿ ಗೋಣಿಚೀಲ ಹಾಸಿದರು. ಹೆಂಡತಿ ಶಿವಗಂಗಮ್ಮ ಮಾಡಿದ ಸಿದ್ಧತೆ ಒಂದೇ. ಹರದನಹಳ್ಳಿಯ ಜವರೇಗೌಡರ ಮನೆಗೆ ಮರಿ ನೋಡಲು ಹೊರಟಾಗ, ಬಾಳೆಲೆಯಲ್ಲಿ ಒಂದು ರಾಗಿಮುದ್ದೆ ಕಟ್ಟಿಕೊಂಡು ಗಾಡಿ ಹತ್ತಿದರು.

ಈಶ್ವರಯ್ಯನವರ ಕಣ್ಣು ದಪ್ಪನೆಯ ಕರಿಮರಿಯ ಮೇಲೆ ಬಿತ್ತು. ಶಿವಗಂಗಮ್ಮ ಗೌಡರ ಮನೆಯಲ್ಲಿ ಮಜ್ಜಿಗೆ ಕೇಳಿ, ಮುದ್ದೆಯನ್ನು ಕಿವುಚಿ ಮರಿಗಳ ಮುಂದಿಟ್ಟರು. ಕರಿಮರಿ ಮೂಸಿ ನೋಡಿ ಮತ್ತೆ ತನ್ನ ಮೂಳೆಯತ್ತ ಓಡಿತು. ಬಡಕಲು ಕಂದುಮರಿಯೊಂದು ಎಲೆಯನ್ನೂ ಬಿಡದೆ ನೆಕ್ಕಿತು.

"ಇದೇ ಸರಿ ಕಣ್ರೀ. ಬಾಡು, ಮೂಳೆ ಬೇಯದ ಮನೆಗೆ ಬರೋದು, ನಮ್ಮ ಊಟ ಒಪ್ಪಬೇಕಲ್ಲ?" ಎಂದರು ಶಿವಗಂಗಮ್ಮ.

"ಅವ್ವಾರು ಬಾಳ ಬುದ್ವಂತ್ರು ಕಣ್ ಸಾ!" ಎಂದರು ಗೌಡರು.

ಹೆಮ್ಮೆಯಿಂದ ತಲೆದೂಗುತ್ತಿದ್ದ ಈಶ್ವರಯ್ಯನವರಿಗೆ ಥಟ್ಟನೆ ಹಳೆಯದೊಂದು ನೆನಪಾಯಿತು. ಹೆಣ್ಣು ನೋಡಲು ಈಕೆಯ ತವರು ದುದ್ದಕ್ಕೆ ಹೋದ ದಿನ, ಅನ್ನವುಂಡು ಬೆಳೆದ ತಮ್ಮ ಎಲೆಗೂ ಇದೇ ಮುದ್ದೆ, ಇದೇ ಮಜ್ಜಿಗೆ ಬಂದಿತ್ತು. ಬಾಗಿಲ ಸಂದಿಯಲ್ಲಿ ಎರಡು ಕಣ್ಣುಗಳಿದ್ದವು.

"ಲೇ, ಅವತ್ತು ನಾನು ಉಣ್ದೆ ಎದ್ದಿದ್ರೆ?"

ಶಿವಗಂಗಮ್ಮ ಮರಿಯ ಕೊರಳಿಗೆ ಗೆಜ್ಜೆ ಕಟ್ಟುತ್ತ ಅಂದರು: "ಎಲ್ಲೆದ್ರಿ? ನೀವೂ ಎಲೆ ಬಳ್ಕೊಂಡು ಉಂಡ್ರಲ್ಲ."