ಆರಂಕಿಯ ಆಚೆ

ಹಾರೋಹಳ್ಳಿಯ ಆ ತಗಡಿನ ಕಾರ್ಖಾನೆಯಲ್ಲಿ ನಟರಾಜುವಿನ ಎರಡೂ ಕೈ ಪ್ರೆಸ್ಸಿನೊಳಗೆ ಸಿಕ್ಕಿದಾಗ ಬೆಳಿಗ್ಗೆ ಹನ್ನೊಂದೂವರೆ. ಅವನು ಕೂಗಿದ್ದು ಒಂದೇ ಸಲ. ಮೇಲಿನ ಅಚ್ಚನ್ನು ಎತ್ತಿಸಿ ಅವನನ್ನು ಎಳೆದುಕೊಳ್ಳುವಷ್ಟರಲ್ಲಿ ಮೊಣಕೈಯಿಂದ ಕೆಳಗೆ ಕೈ ಅನ್ನೋದೇ ಉಳಿದಿರಲಿಲ್ಲ. ತಗಡಿಗೆ ಅಂಟಿಕೊಂಡಿದ್ದನ್ನು ಯಾರೂ ಎರಡನೇ ಸಲ ನೋಡಲಿಲ್ಲ. ಅವನ ತಂಗಿ ಧನುಶ್ರೀ ಕಂಪ್ಯೂಟರ್ ರೂಮಿನಿಂದ ಬರಿಗಾಲಲ್ಲಿ ಓಡಿಬಂದು ದುಪಟ್ಟ ಹರಿದು ಕಟ್ಟಿದಳು. ಕಟ್ಟಿದಷ್ಟೂ ರಕ್ತ ಸೋರಿತು. ಅಪ್ಪ ಅಮ್ಮ ಇಲ್ಲದ ಮನೆ ಅದು. ಅವಳನ್ನೂ ನಡುವಿನವನಾದ ದೇವರಾಜುವನ್ನೂ ಸಾಕಿದ ಕೈ ಅವು.

ಆಂಬುಲೆನ್ಸ್ ಅಣ್ಣನನ್ನು ಹೊತ್ತುಕೊಂಡು ಹೊರಟಿತು. ಹಿಂದೆಯೇ ಹೋಗೋಣ ಅಂತ ಮೊಬೈಲು ತೆಗೆದುಕೊಳ್ಳಲು ರೂಮಿಗೆ ಬಂದವಳು ಪರದೆ ನೋಡಿ ಅಲ್ಲೇ ನಿಂತುಬಿಟ್ಟಳು. ಪ್ರೆಸ್ಸಿಗೆ ಹೋದ ಕೊನೆಯ ಸಾಲು: STOP 1.05e6.

ಅಯ್ಯೋ ಶಿವನೇ, ಅದು ಅವಳೇ ಬರೆದ ಪ್ರೋಗ್ರಾಮು ಕಳಿಸಿದ ಸಾಲು.

ಮೊದಲು ಆ ಪ್ರೆಸ್ಸನ್ನು ಕುಣಿಸುತ್ತಿದ್ದ ಪ್ರೋಗ್ರಾಮನ್ನು ಬರೆದಿದ್ದು ತಿಪ್ಪಸಂದ್ರದ ವೆಂಕಟಯ್ಯನವರು, ಎಪಿಎಲ್ ಅನ್ನೋ ಹಳೇ ಭಾಷೆಯಲ್ಲಿ. ಸಾವಿರ ಅಂಕಿಯನ್ನು ಒಂದೇ ಏಟಿಗೆ ಲೆಕ್ಕ ಹಾಕೋ ಭಾಷೆ. ಬರೆಯೋಕೆ ಮಾತ್ರ ರಂಗೋಲಿಯಂಥ ಗುರುತುಗಳು. ಅವರು ರಿಟೈರ್ ಆದರು, ಹಳೇ ಕಂಪ್ಯೂಟರೂ ಕೈಕೊಡತೊಡಗಿತು. ಧನುಶ್ರೀ ಎಲ್ಲವನ್ನೂ ಜೆ ಅನ್ನೋ ಭಾಷೆಗೆ ತಂದಳು. ಅಕ್ಕ-ತಂಗಿಯರಂಥ ಭಾಷೆಗಳು, ಏನು ಮಹಾ ಕಷ್ಟ ಅಂದುಕೊಂಡಳು. ಎಪಿಎಲ್ ಮೈನಸ್ ಗೀಟನ್ನು ಅಂಕಿಯ ತಲೆಯ ಹತ್ತಿರ ಎಳೆಯುತ್ತೆ, ಜೆ ಬುಡದಲ್ಲಿ ಎಳೆಯುತ್ತೆ. ಪ್ರೆಸ್ಸಿಗೆ ಎರಡೂ ತಿಳಿಯಲ್ಲ. ಅದನ್ನು ಸರಿಮಾಡಿದಳು. ಪ್ರೆಸ್ಸಿಗೆ ಹೋಗುವಂಥವು ಹಳೇದರಲ್ಲಿ ನಲವತ್ತು ಸಾಲು, ಹೊಸದರಲ್ಲಿ ನಲವತ್ತು ಸಾಲು ತೆಗೆದು ಪಕ್ಕಪಕ್ಕ ಇಟ್ಟು ನೋಡಿದಳು. ಒಂದಕ್ಷರ ಹೆಚ್ಚುಕಮ್ಮಿ ಇರಲಿಲ್ಲ. ಹೆಮ್ಮೆಯಿಂದ ಬೀಗಿದಳು ಕೂಡ.

ಆದರೆ ಆ ನಲವತ್ತೂ ಗಿಡ್ಡ ಅಚ್ಚುಗಳ ಅಳತೆ. ಅಚ್ಚು ಎಷ್ಟು ಎತ್ತರದಲ್ಲಿ ನಿಲ್ಲಬೇಕು ಅನ್ನೋದನ್ನು ಮೈಕ್ರಾನಿನಲ್ಲಿ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲಿನಲ್ಲಿ ಹೇಳಬೇಕು, ಗಿಡ್ಡ ಅಚ್ಚಿಗೆ ಆರಂಕಿ ಸಾಕು. ಇವತ್ತು ಮೊದಲ ಸಲ ಎತ್ತರದ ಅಚ್ಚು ಕೂರಿಸಿದ್ದರು, ಅಳತೆ 1050000.5. ಇಂಥ ದಶಾಂಶದ ಸಂಖ್ಯೆಯನ್ನು ಎಪಿಎಲ್ ಹತ್ತಂಕಿವರೆಗೂ ಪೂರ್ತಿ ಬರೆಯುತ್ತೆ. ಜೆ ಹಾಗಲ್ಲ. ಎಷ್ಟು ಅಗಲ, ಎಷ್ಟು ದಶಾಂಶ ಅಂತ ಹೇಳಿಕೊಡದಿದ್ದರೆ ಆರಂಕಿಗೇ ಸಾಕುಮಾಡಿ, ಉಳಿದಿದ್ದನ್ನು e6, ಅಂದರೆ ಆರು ಸಲ ಹತ್ತರಿಂದ ಗುಣಿಸು, ಅಂತ ಮಡಚಿ ಇಡುತ್ತೆ. ಧನುಶ್ರೀ ಹೇಳಿಕೊಟ್ಟಿರಲಿಲ್ಲ. ಪ್ರೆಸ್ಸು 1.05 ಅಂತ ಓದಿತು, e ನೋಡಿ ಓದೋದನ್ನೇ ನಿಲ್ಲಿಸಿತು. ಮೀಟರ್ ಎತ್ತರದಲ್ಲಿ ನಿಲ್ಲಬೇಕಾದ ಅಚ್ಚು, ತಗಡು ಇಡುತ್ತಿದ್ದ ಅಣ್ಣನ ಕೈಯವರೆಗೂ ಇಳಿಯಿತು.

ಅಷ್ಟರಲ್ಲಿ ಹೊರಗೆ ಬೈಕುಗಳ ಸದ್ದು. ದೇವರಾಜು ಇಬ್ಬರನ್ನು ಕಟ್ಟಿಕೊಂಡು ಬಂದಿದ್ದ, ಕೈಯಲ್ಲಿ ಕಬ್ಬಿಣದ ರಾಡು.

“ಯಾವನ್ಲಾ ನಮ್ಮಣ್ಣನ ಕೈ ತೆಗ್ದೋನು?”

ಸೂಪರ್‌ವೈಸರು, ಆ ಪುಣ್ಯಾತ್ಮ, ತನ್ನ ತಲೆ ಉಳಿದರೆ ಸಾಕು ಅಂತ ಎಲೆಕ್ಟ್ರಿಷಿಯನ್ ಅಂಕಯ್ಯನ ಕಡೆ ಕೈ ತೋರಿಸಿದ. “ಬೆಳಿಗ್ಗೆ ಪ್ರೆಸ್ಸಿನ ಕರೆಂಟ್ ಪ್ಯಾನೆಲ್ ಬಿಚ್ಚಿದ್ದು ಇವ್ನೇ.”

“ಫ್ಯೂಜ್ ಹಾಕ್ದೆ ಅಷ್ಟೇ ಕಣಪ್ಪಾ, ದೇವ್ರಾಣೆ...” ಅಂಕಯ್ಯನಿಗೆ ಐವತ್ತೈದು ದಾಟಿತ್ತು. ಮಾತು ಮುಗಿಯೋದರೊಳಗೆ ರಾಡು ಅವನ ಪಕ್ಕೆಗೆ ಬಿತ್ತು. ಉಳಿದಿಬ್ಬರು ಒದ್ದು ಕೆಡವಿದರು. ಇನ್ನೊಂದೇಟು ಬಾಯಿಗೆ. ಹಲ್ಲು, ರಕ್ತ ಒಟ್ಟಿಗೇ ಉಗುಳಿ ಅವನು ಪ್ರೆಸ್ಸಿನ ಬುಡಕ್ಕೆ ತೆವಳಿದ.

ಧನುಶ್ರೀ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು. ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗಲ್ಲ, ಆ ಸಾಲನ್ನು ಅಳಿಸಿದರೆ ಮುಗೀತು ಅಂತ ಹಾಳು ಮನಸ್ಸು ಹೇಳಿತು. ಹೇಳಿತು ಅಂತ ಸುಳ್ಳಾಡೋದೇಕೆ, ಆಸೆಪಟ್ಟಳು. ಮೂರು ಏಟಿನಷ್ಟು ಹೊತ್ತು ಆಸೆಪಟ್ಟಳು. ಮೂರನೇ ಏಟಿಗೆ ಅಂಕಯ್ಯನ ಕಾಲು ಮುರಿದದ್ದು ಅವಳ ಕಿವಿಗೇ ಕೇಳಿಸಿತು.

“ದೇವಣ್ಣ, ಬುಡು! ಅಂಕಯ್ಯಮಾಮ ಏನೂ ಮಾಡಿಲ್ಲ. ನಾನು ಮಾಡಿದ್ದು!”

“ಸುಮ್ಕಿರಮ್ಮಿ. ಮುದುಕನ್ ಮ್ಯಾಲೆ ಅಯ್ಯೋ ಪಾಪ ಅಂತ ಸುಳ್ ಯೋಳ್ಬ್ಯಾಡ.” ದೇವರಾಜು ರಾಡನ್ನು ಈ ಸಲ ತಲೆಯ ಮೇಲಕ್ಕೇ ಎತ್ತಿದ.

ಅವಳು ಓಡಿಹೋಗಿ ಎತ್ತಿದ ತೋಳಿಗೆ ಜೋತುಬಿದ್ದು, ಇನ್ನೊಂದರಲ್ಲಿ ತೂಗುತ್ತಿದ್ದ ಹೆಲ್ಮೆಟ್ ಕಿತ್ತುಕೊಂಡಳು. ಅಣ್ಣನ ರಕ್ತ ಇನ್ನೂ ಆರದ ತಗಡಿನ ಮೇಲೆ ಇಟ್ಟಳು. “ಎಲ್ರೂ ದೂರ ನಿಂತ್ಕಳಿ. ಅಂಕಯ್ಯಮಾಮನ್ನ ಈಚೆಗೆ ಎಳೀರಿ. ಈಗ ಪ್ಯಾನೆಲ್ ಯಾರೂ ಮುಟ್ಟಲ್ಲ, ನನ್ ಸಾಲೊಂದೇ ಇದನ್ನ ಇಳಿಸ್ತದೆ, ನೋಡ್ಕ ದೇವಣ್ಣ.” ರೂಮಿಗೆ ಹೋಗಿ ಅದೇ ಸಾಲನ್ನು ಮತ್ತೆ ಕಳಿಸಿದಳು.

ಇನ್ನೂರು ಟನ್ನಿನ ಪ್ರೆಸ್ಸು ಎಲ್ಲೂ ನಿಲ್ಲದೆ ಇಳಿಯಿತು. ಹೆಲ್ಮೆಟ್ಟು ಹಪ್ಪಳವಾಯಿತು.

ಅವಳು ಕುರ್ಚಿಯಿಂದ ಏಳಲಿಲ್ಲ. ಮೂರು ಗಂಟೆಗೆ ಎರಡನೇ ಶಿಫ್ಟು, ಇನ್ನೊಬ್ಬರ ಮನೆಯ ಕೈ ಒಳಗೆ ಹೋಗುತ್ತೆ. ಹತ್ತು ಅಕ್ಷರದಷ್ಟು ಅಗಲ, ಒಂದು ದಶಾಂಶ ಅಂತ ತನ್ನ ಪ್ರೋಗ್ರಾಮಿಗೆ ಸೇರಿಸಿದಳು. 1050000.5 ಅಂತ ಪೂರ್ತಿಯಾಗಿ ಮೂಡಿತು. ಎರಡೇ ಎರಡು ಸಂಖ್ಯೆ ಸೇರಿಸಿದ್ದಕ್ಕೆ ಸರಿಹೋಯಿತಲ್ಲ ಅಂದುಕೊಂಡಳು. ಹಿಂದೆ ತಿರುಗಿದರೆ ದೇವರಾಜು ಬಾಗಿಲಲ್ಲಿದ್ದ.

“ಯಾವ್ ಕೈಲಿ ಬರ್ದೆ?”

ಅವಳು ಬಲಗೈಯನ್ನು ಮೇಜಿನ ಮೇಲೆ ಚಾಚಿದಳು. ಅವನು ಹೊಡೆಯಲ್ಲ ಅಂದುಕೊಂಡಿದ್ದಳೋ ಏನೋ. ಅವನು ಹೊಡೆದ. ಎರಡು ಸಲ ಹೊಡೆದ. ಆಮೇಲೆ ರಾಡು ಬಿಸಾಕಿ, ಗೋಡೆಗೆ ತಲೆ ಚಚ್ಚಿಕೊಂಡು ಎಳೇಮಗುವಿನಂತೆ ಅತ್ತ. ಪೊಲೀಸರು ಬಂದಾಗಲೂ ಅಳುತ್ತಲೇ ಇದ್ದ.

ಎರಡು ದಿನ ಕಳೆದ ಮೇಲೆ ನಟರಾಜುವಿಗೆ ಚೆನ್ನಾಗಿ ಎಚ್ಚರವಾಯಿತು. ಮಧ್ಯಾಹ್ನ ಆಸ್ಪತ್ರೆಯವರು ಅನ್ನ ಸಾರಿನ ತಟ್ಟೆ ಇಟ್ಟುಹೋದರು. ಬ್ಯಾಂಡೇಜು ಸುತ್ತಿದ ಎರಡು ಮೋಟು ತೋಳು ಎದೆಯ ಮೇಲಿಟ್ಟುಕೊಂಡು ಅವನು ತಂಗಿಯ ಪ್ಲಾಸ್ಟರು ನೋಡಿದ.

“ಏನವ್ವ ಅದು? ದೇವ ಎಲ್ಲಿ?”

ಅವಳು ಒಂದನ್ನೂ ಮುಚ್ಚಿಡಲಿಲ್ಲ. ತನ್ನ ಸಾಲು, ಮೇಲಿನ ವಾರ್ಡಿನಲ್ಲಿ ಮುರಿದ ಕಾಲನ್ನು ಎಳೆದು ಹಿಡಿಯಲು ತೂಕ ಕಟ್ಟಿಸಿಕೊಂಡು ಮಲಗಿರುವ ಅಂಕಯ್ಯ, ಬೇಲ್ ಸಿಗದ ದೇವರಾಜು, ಎಲ್ಲ ಹೇಳಿದಳು. “ನಿನ್ ಕೈ ತೆಗ್ದೋಳು ನಾನೇ ದೊಡ್ಡಣ್ಣ. ಬೇಕಾದ್ರೆ ಉಗಿ ನನ್ ಮುಖಕ್ಕೆ.”

ಕಣ್ಣೀರು ಕಿವಿಗಿಳಿದರೂ ಒರೆಸಿಕೊಳ್ಳಲು ನಟರಾಜುವಿಗೆ ಆಗಲಿಲ್ಲ.

“ನನ್ನವು ಹೋದ್ವು. ನಿಂದ ದೇವ ಮುರ್ದ್‌ಬುಟ್ಟ. ಅವನವಕ್ಕೆ ಬೇಡಿ ಬಿತ್ತು,” ಅಂದ. “ಇನ್ ನಮ್ಮನೇಲಿ ತುತ್ತಿಡೋರು ಯಾರವ್ವ?”

ಧನುಶ್ರೀ ಎದ್ದು ಎಡಗೈ ತೊಳೆದುಕೊಂಡು ಬಂದು ಅನ್ನ ಕಲಸಿದಳು. ಎಡಗೈಯಲ್ಲಿ ಯಾರಿಗೂ ಅನ್ನ ಇಡಬಾರದು ಅಂತ ಅವಳಿಗೆ ಕಲಿಸಿದ್ದವನೇ ಈ ಅಣ್ಣ. ತುತ್ತು ಹಿಡಿದ ಕೈ ಅವನ ತುಟಿಯ ಹತ್ತಿರ ನಿಂತಿತು.

ನಟರಾಜು ಬಾಯಿ ತೆರೆದ.