ಖಾಲಿಯಾಗದ ಬಿಸ್ಕತ್ತು

ಮೊಮ್ಮಗಳ ವಿಷಯದಲ್ಲಿ ಮೆಹ್ರೆಜಿಯಾಳಿಗೆ ಅನುಮಾನ ಅನ್ನುವುದೇ ಇರಲಿಲ್ಲ. ದೊರ್ರಾ ಹುಟ್ಟಿದ್ದು ಜರ್ಮನಿಯಲ್ಲಿ, ಬೆಳೆಯುತ್ತಿರುವುದೂ ಅಲ್ಲೇ. ಅಜ್ಜಿ ಇರುವುದು ಸಮುದ್ರದ ಈಚೆ ದಡದಲ್ಲಿ, ಟ್ಯುನೀಸಿಯಾದ ನಾಬುಲ್‌ನಲ್ಲಿ. ಮಗುವಿಗೆ ಎರಡು ವರ್ಷ ತುಂಬಿದರೂ ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟಿದ್ದಿಲ್ಲ. ಅಜ್ಜಿಗೆ ವೀಸಾ ಸಿಗಲಿಲ್ಲ, ಮಗಳು ಸಿರೀನ್‌ಗೆ ಆಸ್ಪತ್ರೆಯ ಕೆಲಸದಲ್ಲಿ ರಜೆ ಸಿಗಲಿಲ್ಲ. ಆದರೂ "ಅದು ನನ್ನ ಮಗು. ಬಂದ ದಿನವೇ ನನ್ನ ತೊಡೆ ಏರಿ ಕೂರುತ್ತೆ, ನೋಡ್ತಾ ಇರಿ" ಎಂದು ಅವಳು ಬೀದಿಗೆಲ್ಲ ಸಾರಿಬಿಟ್ಟಿದ್ದಳು.

ಸಾರಿದ್ದನ್ನು ನಂಬದವಳು ಒಬ್ಬಳೇ, ಗಂಡನ ತಂಗಿ ಶಾದ್ಲಿಯಾ. ಪಕ್ಕದ ಮನೆ, ನಡುವೆ ಒಂದೇ ಗೋಡೆ. ಶಾದ್ಲಿಯಾಳಿಗೆ ಐದು ಮೊಮ್ಮಕ್ಕಳು, ಐದೂ ಅವಳ ಕಾಲಿಗೇ ಸುತ್ತಿಕೊಂಡಿರುವಂಥವು. ಹಾಗಾಗಿ ಅಜ್ಜಿತನದ ಬಗ್ಗೆ ಮಾತಾಡುವ ಗುತ್ತಿಗೆ ತನಗೇ ಸಿಕ್ಕಿದೆ ಎಂದು ಅವಳ ಭಾವನೆ.

"ಅತ್ತಿಗೆ, ಫೋನಿನ ಗಾಜಿಗೆ ಮುತ್ತು ಕೊಟ್ರೆ ಮಗು ನಿನ್ನದಾಗಿಬಿಡುತ್ತಾ?" ಎನ್ನುತ್ತಿದ್ದಳು. "ಆ ಕೂಸಿಗೆ ನೀನೂ ಒಂದೇ, ಟೀವಿಯಲ್ಲಿ ಬಂದು ನಾಳೆ ಮಳೆ ಅನ್ನೋಳೂ ಒಂದೇ."

"ಟೀವಿಯವಳಿಗೆ ಯಾರಾದ್ರೂ ಬಿಸ್ಕತ್ತು ತಿನ್ನಿಸ್ತಾರೇನೆ?" ಎಂದು ಮೆಹ್ರೆಜಿಯಾ ಕೇಳಿದರೆ ಶಾದ್ಲಿಯಾ ತುಟಿ ಓರೆ ಮಾಡಿಕೊಂಡು ಎದ್ದು ಹೋಗುವಳು.

ಬಿಸ್ಕತ್ತಿನ ವಿಷಯ ಹೇಳಬೇಕು. ಉಳಿದ ಅಜ್ಜಿಯರೆಲ್ಲ ಫೋನನ್ನು ಮೂಗಿಗೆ ಅಂಟಿಸಿಕೊಂಡು "ಇಲ್ಲಿ ನೋಡು, ನನ್ನ ನೋಡು, ಅಜ್ಜಿಗೆ ಮಿಮಾ ಅನ್ನು" ಎಂದು ಮಕ್ಕಳ ಪ್ರಾಣ ತಿನ್ನುತ್ತಾರೆ. ಮಗು ಎರಡು ನಿಮಿಷಕ್ಕೆ ಮುಖ ತಿರುಗಿಸುತ್ತದೆ. ಮೆಹ್ರೆಜಿಯಾ ಆ ತಪ್ಪು ಮಾಡಲಿಲ್ಲ. ದಿನಾ ಸಂಜೆ ನಾಲ್ಕರ ವೀಡಿಯೊ ಕರೆಯ ಹೊತ್ತಿಗೆ ಅಡುಗೆಮನೆಯ ಮೂಲೆಯಲ್ಲಿ ಕುರಿದೊಗಲು ಹಾಸಿ ಕೂರುವಳು, ಫೋನನ್ನು ಆಲಿವ್ ಜಾಡಿಗೆ ಒರಗಿಸಿ ನಿಲ್ಲಿಸುವಳು, ಹಿತ್ತಾಳೆ ಕುಟ್ಟಾಣಿಯನ್ನು ಟಣ್ ಟಣ್ ಎಂದು ಬಡಿಯುವಳು. ಆಮೇಲೆ ಅವಳ ಪಾಡಿಗೆ ಕೊತ್ತಂಬರಿ ಬೀಜ ಕುಟ್ಟುವುದೋ, ಮೆಣಸಿನಕಾಯಿ ಸೀಳುವುದೋ ನಡೆಯುತ್ತಿತ್ತು. ಮಗು ಅತ್ತ ತನ್ನ ಎತ್ತರದ ಕುರ್ಚಿಯಲ್ಲಿ ಕೂತು, ಮನೆಯಲ್ಲಿ ಕೆಲಸ ಮಾಡುವ ಯಾರನ್ನೋ ನೋಡಿದ ಹಾಗೆ ನೋಡುತ್ತಿತ್ತು. ಅದಕ್ಕೆ ಬೇಕಾಗಿದ್ದೂ ಅಷ್ಟೇ.

ಹಾಗೆ ನೋಡುತ್ತಾ ನೋಡುತ್ತಾ ಒಂದು ದಿನ ದೊರ್ರಾ ತನ್ನ ಬಿಸ್ಕತ್ತನ್ನು ಅಜ್ಜಿಯ ಬಾಯಿಗೆ ಹಿಡಿದಳು, ಅಂದರೆ ಗಾಜಿಗೆ. ಮೆಹ್ರೆಜಿಯಾ ಒಂದು ಕ್ಷಣವೂ ತಡ ಮಾಡದೆ "ಹಾಮ್" ಎಂದು ಬಾಯಿ ಹಾಕಿ, ದವಡೆ ಆಡಿಸಿ, ನುಂಗಿ, ಹೊಟ್ಟೆ ಸವರಿಕೊಂಡಳು. ಮಗು ಬಿಸ್ಕತ್ತನ್ನು ತಿರುಗಿಸಿ ನೋಡಿತು. ಅದು ಇದ್ದ ಹಾಗೇ ಇತ್ತು. ಮತ್ತೆ ಹಿಡಿಯಿತು. ಅಂದಿನಿಂದ ಅದೇ ಆಟ. ಮಿಮಾ ಎಷ್ಟು ತಿಂದರೂ ಬಿಸ್ಕತ್ತು ಖಾಲಿಯಾಗುವುದಿಲ್ಲ, ಕೊನೆಗೆ ತಾನೇ ತಿಂದು ಮುಗಿಸಬೇಕು ಎನ್ನುವುದು ದೊರ್ರಾಳ ಮಟ್ಟಿಗೆ ಲೋಕದ ನಿಯಮವಾಯಿತು.

ಈ ಸಂಭ್ರಮದಲ್ಲಿ ಮೆಹ್ರೆಜಿಯಾಳಿಗೆ ಆಗದಿದ್ದುದು ಒಂದೇ, ಫೋನಿನ ಆ ಕೆಂಪು ಗುಂಡಿ. ಸಿರೀನ್ ಅದನ್ನು ಒತ್ತಲು ಬೆರಳು ತಂದರೆ ಸಾಕು, ಮಗು ತುಟಿ ಮುಂದೆ ಮಾಡುವುದು. ಅಳುವಿನ ಮೊದಲ ಚೂರು ಕೇಳಿಸುವುದು, ಅಷ್ಟರಲ್ಲಿ ಪರದೆ ಕಪ್ಪಾಗುವುದು. ಉಳಿದ ಅಳುವನ್ನು ಮೆಹ್ರೆಜಿಯಾ ಮನಸ್ಸಿನಲ್ಲೇ ಕೇಳಿಸಿಕೊಂಡು ಒಲೆ ಹತ್ತಿರ ಹೋಗುತ್ತಿದ್ದಳು. ಆ ಹೊತ್ತಿನಲ್ಲಿ ಮಾತ್ರ ಅವಳ ಧೈರ್ಯ ಸ್ವಲ್ಪ ಮಂಕಾಗುತ್ತಿತ್ತು.

ಈ ವಸಂತದಲ್ಲಿ ಸಿರೀನ್ ಬರುವುದು ಖಾಯಂ ಆಯಿತು. ಅವಳಿಗೆ ಬೇಸಿಗೆಯ ಹೊತ್ತಿಗೆ ದೊಡ್ಡ ಪರೀಕ್ಷೆಯಿತ್ತು, ಪಾಸಾದರೆ ಅಲ್ಲಿ ಪೂರ್ತಿ ನರ್ಸ್. ಗಂಡನಿಗೂ ಪಾಳಿ ಕೆಲಸ. ಓದುವಾಗ ಮಗುವನ್ನು ನೋಡಿಕೊಳ್ಳುವವರಿಲ್ಲ.

"ನನ್ನ ಹತ್ರ ಬಿಟ್ಟು ಹೋಗು," ಎಂದಳು ಮೆಹ್ರೆಜಿಯಾ. "ಪರೀಕ್ಷೆ ಮುಗಿಸಿಕೊಂಡು ಬಂದು ಕರ್ಕೊಂಡು ಹೋಗು."

"ಅಮ್ಮಾ, ಬಿಡೋದೇನೋ ಬಿಡ್ತೀನಿ. ಆದ್ರೆ ಅವಳು ನಿನ್ನ ಹತ್ರ ಬರಬೇಕಲ್ಲ. ಬಂದ್ರೆ ಸರಿ. ಬರದೆ ಅತ್ತು ಗೋಳಾಡಿದ್ರೆ ವಾಪಸ್ ಕರ್ಕೊಂಡೇ ಹೋಗ್ತೀನಿ, ಪರೀಕ್ಷೆ ಹೋದ್ರೂ ಹೋಗಲಿ. ಆಮೇಲೆ ನೀನು ಬೇಜಾರು ಮಾಡ್ಕೋಬಾರ್ದು."

"ನೀನು ಅವಳ ಬಟ್ಟೆ ಜೋಡಿಸ್ಕೋ ಹೋಗು."

ಅವರು ಬರುವ ಹೊತ್ತಿಗೆ ರಂಜಾನ್ ಮುಗಿದು, ಹಬ್ಬವೂ ಮುಗಿದು, ಕಿತ್ತಳೆ ಹೂವಿನ ಕಾಲ ಶುರುವಾಗಿತ್ತು. ನಾಬುಲ್‌ನಲ್ಲಿ ಆಗ ಯಾವ ಮನೆಗೆ ಹೋದರೂ ನೆಲ ಕಾಣುವುದಿಲ್ಲ. ಬಿಳಿ ಚಾದರ ಹಾಸಿ ಅದರ ಮೇಲೆ ಹೂವು ಹರವಿರುತ್ತಾರೆ, ಅಂಗಳದಲ್ಲಿ ತಾಮ್ರದ ಹಂಡೆ ಇಟ್ಟು ಹೂನೀರು ಇಳಿಸುತ್ತಿರುತ್ತಾರೆ. ಮೆಹ್ರೆಜಿಯಾ ಹಬ್ಬದ ನಂತರದ ತಿಂಗಳಲ್ಲಿ ಇಷ್ಟವಿದ್ದವರು ಹಿಡಿಯುವ ಆರು ಉಪವಾಸಗಳನ್ನೂ ಹಿಡಿಯಲು ಶುರು ಮಾಡಿದ್ದಳು. ಹಿಡಿದ ಉಪವಾಸವನ್ನು ಮಧ್ಯದಲ್ಲಿ ಬಿಟ್ಟವಳಲ್ಲ ಎಂದು ಅವಳಿಗೆ ಹೆಸರಿತ್ತು. ಆ ಹೆಸರಿನ ಮೇಲೆ ಅವಳಿಗೆ ತಕ್ಕಮಟ್ಟಿಗೆ ವ್ಯಾಮೋಹವೂ ಇತ್ತು.

"ಇವತ್ತೊಂದಿನ ಬಿಡು ಅತ್ತಿಗೆ, ಮಗಳು ಮೊಮ್ಮಗಳು ಬರ್ತಾರೆ," ಎಂದಳು ಶಾದ್ಲಿಯಾ.

"ಜ್ವರ ಬಂದಾಗಲೇ ಬಿಟ್ಟಿಲ್ಲ, ಸಂತೋಷ ಬಂದಾಗ ಬಿಡ್ತೀನಾ?"

ಅಂದು ಅವಳು ಮದುವೆಮನೆಗೆ ಹೊರಟವಳ ಹಾಗೆ ಸಿಂಗರಿಸಿಕೊಂಡಳು. ಜರಿ ಕಸೂತಿಯ ಉಡುಪು, ಕೈಗೆ ಬೆರಳ ತುದಿಯ ತನಕ ಗೋರಂಟಿ, ಕಣ್ಣಿಗೆ ದಟ್ಟ ಕಾಡಿಗೆ, ತಲೆಗೆ ಮಿನುಗುವ ಕೆಂಪು ರೇಷ್ಮೆ. ಬೀದಿಯ ಹೆಂಗಸರೆಲ್ಲ ಬಾಗಿಲಲ್ಲಿ ನೆರೆದರು. ಒಬ್ಬಳು ದೃಷ್ಟಿ ತೆಗೆಯಲು ಸಾಂಬ್ರಾಣಿ ಹೊಗೆ ಎಬ್ಬಿಸಿದಳು. ಮೆಹ್ರೆಜಿಯಾಳ ಕೈಯಲ್ಲಿ ಅವಳ ತಾಯಿಯ ಕಾಲದ ಬೆಳ್ಳಿಯ ಪನ್ನೀರುದಾನಿ. ಹೊಸ ಹೂನೀರನ್ನು ಮನೆಗೆ ಬಂದವರ ನೆತ್ತಿಗೆ ಚಿಮುಕಿಸದೆ ಹೊಸ್ತಿಲು ದಾಟಿಸುವುದು ನಾಬುಲ್‌ನಲ್ಲಿ ಉಂಟೇ? ಅದೂ ಮೊದಲ ಸಲ ಬರುವ ಮೊಮ್ಮಗಳನ್ನು?

ಗಂಡ ಬಶೀರ್ ವಿಮಾನ ನಿಲ್ದಾಣದಿಂದ ಕಾರು ತಂದು ನಿಲ್ಲಿಸಿದ. ದೊರ್ರಾ ತಾಯಿಯ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಮಲಗಿದ ಮಗು ಎಂದು ಯಾರೂ ನೋಡಲಿಲ್ಲ. ಹತ್ತು ಗಂಟಲುಗಳು ಒಟ್ಟಿಗೆ ಹರ್ಷದ ಉಲಿ ಎತ್ತಿದವು, ಹೊಗೆ ಮುಖಕ್ಕೆ ಬಂತು, ತಣ್ಣನೆಯ ಹೂನೀರು ನೆತ್ತಿಯಿಂದ ಕಣ್ಣಿಗೆ ಇಳಿಯಿತು. ಮಗು ಕಣ್ಣು ಬಿಟ್ಟಾಗ ಎದುರಿಗಿದ್ದದ್ದು ಕಪ್ಪು ಕಣ್ಣು, ಕೆಂಪು ತಲೆ, ಕಂದು ಬಣ್ಣದ ಎರಡು ದೊಡ್ಡ ಕೈ.

ದೊರ್ರಾ ಕಿರುಚಿದ ಕಿರುಚಾಟಕ್ಕೆ ಉಲಿ ಹಾಕುತ್ತಿದ್ದವರೆಲ್ಲ ತೆಪ್ಪಗಾದರು.

"ನಾನು ಕಣೇ, ಮಿಮಾ," ಎಂದು ಮೆಹ್ರೆಜಿಯಾ ಕೈ ಚಾಚಿದಳು. ಮಗು ತಾಯಿಯ ಕತ್ತನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಿತು. ಒಳಗೆ ಹೋದ ಮೇಲೂ ಅದೇ. ಆಟದ ಸಾಮಾನು ತಂದರೂ ಕಿರುಚು, ಸಿಹಿ ತಂದರೂ ಕಿರುಚು, ಅವಳು ಬಾಗಿಲಲ್ಲಿ ಕಾಣಿಸಿಕೊಂಡರೂ ಕಿರುಚು. ನೆರೆದವರು ಒಬ್ಬೊಬ್ಬರೇ ಜಾರಿಕೊಂಡರು. ಶಾದ್ಲಿಯಾ ಮಾತ್ರ ಉಳಿದು, ತಂದ ಆಟದ ಸಾಮಾನನ್ನು ಒಂದೊಂದಾಗಿ ಎತ್ತಿಟ್ಟಳು. ಅವಳ ಆ ಉಪಕಾರವೇ ಮೆಹ್ರೆಜಿಯಾಳನ್ನು ಹೆಚ್ಚು ಚುಚ್ಚಿತು.

"ಅಮ್ಮಾ, ನಾನು ಮೊದಲೇ ಹೇಳಿದ್ದೆ," ಎಂದಳು ಸಿರೀನ್ ಮೆಲ್ಲಗೆ. "ನಿನ್ನ ತಪ್ಪೇನಿಲ್ಲ. ಫೋನಲ್ಲಿ ನೋಡೋದು ಬೇರೆ, ಇದು ಬೇರೆ. ಹೋಗುವಾಗ ಅವಳನ್ನೂ ಕರ್ಕೊಂಡು ಹೋಗ್ತೀನಿ ಬಿಡು."

ಮೆಹ್ರೆಜಿಯಾ ಅಡುಗೆಮನೆಗೆ ಬಂದು ಗೋಡೆಗೆ ಒರಗಿದಳು. ಎರಡು ವರ್ಷ ತಾನು ಪ್ರೀತಿ ಮಾಡಿದ್ದು ಗಾಜನ್ನೇ ಏನು? ಹಾಗೆಂದು ಯೋಚನೆ ಬಂದದ್ದಕ್ಕೇ ಅವಳಿಗೆ ಸಿಟ್ಟು ಬಂತು. ಆಗ ನೀರಿನ ತೊಟ್ಟಿಯ ಮೇಲಿನ ಕನ್ನಡಿಯಲ್ಲಿ ತನ್ನ ಮುಖ ಕಂಡಿತು. ಈ ಕಾಡಿಗೆಯನ್ನು ದೊರ್ರಾ ಯಾವತ್ತು ನೋಡಿದ್ದಳು? ಈ ಕೆಂಪು ರೇಷ್ಮೆಯನ್ನು? ಈ ನಿಂತ ನಿಲುವನ್ನು? ಮಗುವಿಗೆ ಗೊತ್ತಿದ್ದ ಮಿಮಾ ನೆಲದ ಮೇಲೆ ಕೂತವಳು, ಮಾಸಲು ತಲೆವಸ್ತ್ರದವಳು. ಅವಳನ್ನು ಒಳಗೆ ಬಚ್ಚಿಟ್ಟು ಬೇರೆ ಯಾರನ್ನೋ ಬಾಗಿಲಿಗೆ ಕಳಿಸಿದ್ದು ತಾನೇ.

"ಬುದ್ಧಿ ಇಲ್ಲದವಳೇ," ಎಂದು ತನ್ನನ್ನೇ ಬೈದುಕೊಂಡಳು. ಆಗ ಸ್ವಲ್ಪ ಹಗುರವಾಯಿತು.

ಸೋಪು ಹಾಕಿ ಮುಖ ತಿಕ್ಕಿದಳು. ಜರಿ ಉಡುಪನ್ನು ಕಳಚಿ, ಮೊಣಕೈ ಹತ್ತಿರ ಎಣ್ಣೆಯ ಕಲೆಯಿದ್ದ ಹಳೆಯ ಅಂಗಿ ತೊಟ್ಟಳು, ಕಂದು ತಲೆವಸ್ತ್ರ ಬಿಗಿದಳು. ಮೂಲೆಯಲ್ಲಿ ಕುರಿದೊಗಲು ಹಾಸಿದಳು. ಫೋನನ್ನು ಆಲಿವ್ ಜಾಡಿಗೆ ಒರಗಿಸಿ, ಅಂಗಳದ ಆಚೆ ಕೋಣೆಯಲ್ಲಿದ್ದ ಮಗಳಿಗೆ ವೀಡಿಯೊ ಕರೆ ಮಾಡಿದಳು.

"ಅಮ್ಮಾ? ಇಲ್ಲೇ ಇದ್ದೀಯಲ್ಲ, ಫೋನ್ ಯಾಕೆ?"

"ನಿನಗೆ ಮಾಡಿದ್ದಲ್ಲ. ಅವಳ ಮುಂದೆ ಇಡು. ಬಿಸ್ಕತ್ತು ಕೊಡು. ಆಮೇಲೆ ಬಾಯಿ ಮುಚ್ಕೊಂಡು ಕೂತ್ಕೋ."

"ಒಂದೇ ಮನೆಯೊಳಗೆ ಫೋನು," ಎಂದು ಹಿಂದಿನಿಂದ ಶಾದ್ಲಿಯಾ ನಕ್ಕದ್ದು ಕೇಳಿಸಿತು. "ಅತ್ತಿಗೆಗೆ ಉಪವಾಸ ತಲೆಗೇರಿದೆ."

ಮೆಹ್ರೆಜಿಯಾ ಕುಟ್ಟಾಣಿ ಎತ್ತಿ ಬಡಿದಳು. ಟಣ್ ಟಣ್.

ಪರದೆಯ ಮೇಲೆ ಅಳುಮೋರೆಯೊಂದು ಮೂಡಿತು. ಕಣ್ಣು ಊದಿತ್ತು, ಮೂಗು ಸುರಿಯುತ್ತಿತ್ತು. ಅದು ನೋಡಿತು. ಗೋಡೆಯ ನೀಲಿ ಟೈಲು, ಕಂದು ತಲೆವಸ್ತ್ರ, ಕುಟ್ಟಾಣಿ, ಎಲ್ಲವೂ ಇದ್ದಲ್ಲೇ ಇತ್ತು.

"ಮಿಮಾ," ಎಂದಳು ದೊರ್ರಾ. ಇಷ್ಟು ಹೊತ್ತು ಎಲ್ಲಿ ಹೋಗಿದ್ದೆ ಎಂದು ಬೈಯುವ ದನಿಯಲ್ಲಿ.

"ಇಲ್ಲೇ ಇದ್ದೀನಿ ನನ್ನ ಪುಟ್ಟಿ," ಎಂದು ಮೆಹ್ರೆಜಿಯಾ ಕೊತ್ತಂಬರಿ ಕುಟ್ಟಲು ಶುರು ಮಾಡಿದಳು.

ದೊರ್ರಾ ಬಿಸ್ಕತ್ತನ್ನು ಗಾಜಿಗೆ ಹಿಡಿದಳು. ಈ ಸಲ ಮೆಹ್ರೆಜಿಯಾ ಹಾಮ್ ಎನ್ನಲಿಲ್ಲ. ಬಾಯಿ ತೆರೆದು, ಮುಖ ಸಪ್ಪೆ ಮಾಡಿಕೊಂಡಳು.

"ಎಟುಕ್ತಾ ಇಲ್ವಲ್ಲೇ. ಇನ್ನೂ ಹತ್ರ ತಾ."

ಮಗು ಬಿಸ್ಕತ್ತನ್ನು ಗಾಜಿಗೆ ಒತ್ತಿತು.

"ಊಹೂಂ, ಎಟುಕ್ಲಿಲ್ಲ. ಇನ್ನೂ ಹತ್ರ." ಟಣ್ ಟಣ್.

ಕುಟ್ಟಾಣಿಯ ಸದ್ದು ಫೋನಿನಿಂದಲೂ ಬರುತ್ತಿತ್ತು, ಅಂಗಳದ ಆಚೆಯಿಂದಲೂ ಬರುತ್ತಿತ್ತು. ದೊರ್ರಾ ಬಾಗಿಲ ಕಡೆ ತಿರುಗಿದಳು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಬಿಸ್ಕತ್ತು ಹಿಡಿದು ಅಮ್ಮನ ತೊಡೆಯಿಂದ ಇಳಿದಳು. ಹರವಿದ್ದ ಹೂವಿನ ಚಾದರದ ನಟ್ಟನಡುವೆ, ಬೆಳಿಗ್ಗೆಯಿಂದ ಆರಿಸಿ ಹಸನು ಮಾಡಿದ ಹೂವನ್ನು ತುಳಿದುಕೊಂಡು ಹೊರಟಳು. ಶಾದ್ಲಿಯಾ "ಅಯ್ಯೋ ಹೂವು" ಎನ್ನುವಷ್ಟರಲ್ಲಿ ಸಿರೀನ್ ಅವಳ ರಟ್ಟೆ ಹಿಡಿದಳು.

"ತುಳೀಲಿ ಅತ್ತೆ. ಸುಮ್ನಿರು."

ಅಡುಗೆಮನೆಯ ಬಾಗಿಲಿಗೆ ಬಂದು ಮಗು ನಿಂತಿತು. ಫೋನಿನಲ್ಲಿದ್ದ ಮಿಮಾಳನ್ನು ನೋಡಿತು, ಮೂಲೆಯಲ್ಲಿದ್ದ ಮಿಮಾಳನ್ನು ನೋಡಿತು, ಮತ್ತೆ ಫೋನು ನೋಡಿತು. ಎದ್ದು ಹೋಗಿ ಅಪ್ಪಿಕೊಳ್ಳಬೇಕೆಂದು ಮೆಹ್ರೆಜಿಯಾಳ ಮೈಯೆಲ್ಲ ತುಡಿಯುತ್ತಿತ್ತು. ಆದರೆ ಆಗಷ್ಟೇ ಕಲಿತ ಪಾಠ ಇನ್ನೂ ಬಿಸಿಯಾಗಿತ್ತು. ತಲೆ ತಗ್ಗಿಸಿ ಕುಟ್ಟುತ್ತಲೇ ಇದ್ದಳು.

ದೊರ್ರಾ ಫೋನನ್ನು ನೆಲದ ಮೇಲೆ ಇಟ್ಟಳು. ನಾಲ್ಕು ಹೆಜ್ಜೆ ಬಂದು, ಬಿಸ್ಕತ್ತನ್ನು ಅಜ್ಜಿಯ ತುಟಿಗೆ ಒತ್ತಿದಳು. ಅಲ್ಲಿ ಗಾಜು ಇರಲಿಲ್ಲ.

"ಅತ್ತಿಗೆ," ಎಂದಳು ಶಾದ್ಲಿಯಾ ಬಾಗಿಲಿಂದ, "ಉಪವಾಸ ಕಣೇ."

ಮೆಹ್ರೆಜಿಯಾ ಬಾಯಿ ತೆರೆದು ಕಚ್ಚಿದಳು. ಅಗಿದು, ನುಂಗಿದಳು.

ದೊರ್ರಾ ಕೈಯಲ್ಲಿದ್ದುದನ್ನು ತಿರುಗಿಸಿ ನೋಡಿದಳು. ಅರ್ಧ ಬಿಸ್ಕತ್ತು ಇರಲಿಲ್ಲ. ಕಚ್ಚಿದ ಜಾಗದಲ್ಲಿ ಹಲ್ಲಿನ ಗುರುತು ಇತ್ತು. ಅವಳ ಹುಬ್ಬು ಗಂಟಾಯಿತು. ಈಗ ಅಳುತ್ತಾಳೆ ಎಂದು ಬಾಗಿಲಲ್ಲಿದ್ದ ಸಿರೀನ್ ಒಂದು ಹೆಜ್ಜೆ ಮುಂದೆ ಇಟ್ಟಳು. ದೊರ್ರಾ ಅಜ್ಜಿಯ ತುಟಿ ಬಿಡಿಸಿ, ಒಳಗೆ ಬೆರಳು ಹಾಕಿ, ಹೋದ ಅರ್ಧ ಎಲ್ಲಿ ಎಂದು ಹುಡುಕಿದಳು. ಸಿಗಲಿಲ್ಲ. ಆಗ ಅವಳಿಗೆ ನಗು ಬಂತು. ಹೊಟ್ಟೆ ಅಲುಗಾಡುವಷ್ಟು ನಕ್ಕಳು. ಉಳಿದ ಅರ್ಧವನ್ನೂ ಅಜ್ಜಿಯ ಬಾಯಿಗೆ ತುರುಕಿ, ಇದು ತನ್ನದೇ ಜಾಗ ಎನ್ನುವ ಹಾಗೆ ತೊಡೆಯ ಮೇಲೆ ಕೂತು, ಬೆನ್ನು ಒರಗಿಸಿದಳು.

ಮೆಹ್ರೆಜಿಯಾ ಆ ನೆತ್ತಿಗೆ ಮೂಗು ಇಟ್ಟಳು. ಹೂನೀರಿನ ವಾಸನೆಯೂ ಇತ್ತು, ಅದರ ಕೆಳಗೆ ಮಗುವಿನದೇ ವಾಸನೆಯೂ ಇತ್ತು. ಅದನ್ನು ಯಾವ ಫೋನೂ ತಂದುಕೊಟ್ಟಿರಲಿಲ್ಲ. ಅವಳ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ.

"ನಲವತ್ತು ವರ್ಷದಲ್ಲಿ ನೀನು ಒಂದು ಉಪವಾಸ ಕೆಡಿಸಿದ್ದು ನೋಡಿರಲಿಲ್ಲ," ಎಂದಳು ಶಾದ್ಲಿಯಾ. ದನಿಯಲ್ಲಿ ಮೊದಲಿನ ಮೊನೆ ಇರಲಿಲ್ಲ.

"ತಿಂಗಳು ಇನ್ನೂ ಮುಗಿದಿಲ್ಲ, ಬೇರೆ ದಿನ ಹಿಡೀತೀನಿ," ಎಂದಳು ಮೆಹ್ರೆಜಿಯಾ. "ನೀನು ಹೋಗಿ ಇನ್ನೊಂದು ಬಿಸ್ಕತ್ತು ತಗೊಂಡು ಬಾ. ನಂದು ಖಾಲಿಯಾಯ್ತು."

ಸಿರೀನ್ ಬಗ್ಗಿ ನೆಲದ ಮೇಲಿದ್ದ ಫೋನನ್ನು ಎತ್ತಿಕೊಂಡಳು. ಕರೆ ಇನ್ನೂ ನಡೆಯುತ್ತಿತ್ತು. ಅಭ್ಯಾಸಬಲದಿಂದ ಮಗುವಿನ ತುಟಿ ಮುಂದೆ ಬಂತೇನೋ ಎಂದು ಒಮ್ಮೆ ನೋಡಿ, ಕೆಂಪು ಗುಂಡಿ ಒತ್ತಿದಳು. ದೊರ್ರಾ ಕುಟ್ಟಾಣಿಯೊಳಗೆ ಕೈ ಹಾಕಿ ಕೊತ್ತಂಬರಿ ಎಣಿಸುತ್ತಿದ್ದಳು, ತಲೆ ಎತ್ತಿಯೂ ನೋಡಲಿಲ್ಲ.