ಮಾರ್ಚ್ ಹನ್ನೆರಡರ ಫೈಲು

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುವವರು ಒಮ್ಮೆ ನಮ್ಮ ಕೌಂಟಿಯ, ಅಂದರೆ ಜಿಲ್ಲೆಯ, ಕೋರ್ಟಿನ ನೆಲಮಾಳಿಗೆಗೆ ಇಳಿದು ಬರಬೇಕು. ಉಂಡು, ಮಲಗಿ, ಎದ್ದು, ನಲವತ್ತು ವರ್ಷ ಕಳೆದರೂ ಮುಗಿಯದ ಜಗಳಗಳು ಅಲ್ಲಿ ಕಬ್ಬಿಣದ ಕಪಾಟುಗಳಲ್ಲಿ ಸಾಲಾಗಿ ನಿಂತಿವೆ. ಇಪ್ಪತ್ತೆರಡು ವರ್ಷದಿಂದ ಅವುಗಳ ಕೀಲಿಕೈ ನನ್ನ ಬಳಿ ಇದೆ.

ಡಿವೋರ್ಸ್ ಕಾಗದ ಕೇಳಿಕೊಂಡು ಬರುವವರಲ್ಲಿ ಒಬ್ಬರಿಗೆ ಮತ್ತೆ ಮದುವೆ, ಒಬ್ಬರಿಗೆ ಪಿಂಚಣಿ, ಒಬ್ಬರಿಗೆ ಡ್ರೈವಿಂಗ್ ಲೈಸೆನ್ಸಿನಲ್ಲಿ ತವರಿನ ಹೆಸರು. ಬಂದವರೆಲ್ಲ ಕಂಪ್ಯೂಟರಿನಲ್ಲಿ ಒಂದು ಸಲ ಒತ್ತಿದರೆ ಸಿಗುವುದಿಲ್ಲವೇ ಎಂದು ಕೇಳುತ್ತಾರೆ. ಸಿಗುವುದಿಲ್ಲ. ತೊಂಬತ್ತೆರಡಕ್ಕಿಂತ ಹಿಂದಿನದು ಯಾವುದೂ ಕಂಪ್ಯೂಟರಿನಲ್ಲಿಲ್ಲ. ಅರ್ಜಿಯ ಮೇಲೆ ಇಬ್ಬರ ಹೆಸರೂ ವರ್ಷವೂ ಬರೆದುಕೊಡಬೇಕು, ನಾನು ದಪ್ಪ ಪುಸ್ತಕ ತೆರೆದು ನಂಬರು ಹುಡುಕಬೇಕು. ಮದುವೆಯಾದ ದಿನ ಎಲ್ಲರಿಗೂ ನೆನಪಿರುತ್ತದೆ. ಬಿಟ್ಟ ವರ್ಷ ಕೇಳಿದರೆ ಛಾವಣಿ ನೋಡುತ್ತಾರೆ.

ನಮ್ಮಲ್ಲಿ ಇನ್ನೊಂದು ಪದ್ಧತಿ ಇದೆ, ಬೇರೆ ಕೌಂಟಿಗಳಲ್ಲಿ ಇಲ್ಲದ್ದು. ನನಗಿಂತ ಮೊದಲು ಇಲ್ಲಿದ್ದ ಓಪಲ್ ಎಂಬಾಕೆ ಹಿಂದೆ ಶಾಲೆಯ ಲೈಬ್ರರಿಯಲ್ಲಿದ್ದವಳು. ಪ್ರತಿ ಫೈಲಿನ ಒಳರಟ್ಟಿಗೆ ಒಂದು ಜೇಬು ಅಂಟಿಸಿ, ಅದರಲ್ಲಿ ಒಂದು ಕಾರ್ಡು ಇಟ್ಟಳು. ಫೈಲು ನೋಡಿದವರೆಲ್ಲ ಅದರಲ್ಲಿ ತಾರೀಖು, ಸಹಿ ಮತ್ತು ಈ ಕೇಸಿಗೆ ತಾವು ಏನಾಗಬೇಕು ಎಂಬುದನ್ನು ಬರೆಯಬೇಕು. ಮಗಳು, ವಕೀಲ, ಮಾಜಿ ಹೆಂಡತಿ, ಹೀಗೆ. ಆ ಕಾರ್ಡುಗಳನ್ನು ಯಾರೂ ಓದುವುದಿಲ್ಲ. ನಾನೂ ಓದುತ್ತಿರಲಿಲ್ಲ.

ಅಕ್ಟೋಬರಿನ ಒಂದು ಗುರುವಾರ ಬೆಳಿಗ್ಗೆ ಎಪ್ಪತ್ತು ದಾಟಿದ ಹೆಂಗಸೊಬ್ಬರು ಧಡಧಡನೆ ಮೆಟ್ಟಿಲಿಳಿದು ಬಂದು, ನನ್ನ ಕೌಂಟರಿನ ಮೇಲೆ ಪ್ಲಾಸ್ಟಿಕ್ ಚೀಲವೊಂದನ್ನು ಟಪ್ಪೆಂದು ಇಟ್ಟರು. ಚೀಲದ ಮೇಲೆ ಮಂಜುಗಟ್ಟಿತ್ತು.

"ಮೇಲೆ ಮದುವೆ ಲೈಸೆನ್ಸ್ ಕಿಟಕೀಲಿ ಕೂತಿದ್ದಾಳಲ್ಲ, ಆ ಹುಡುಗಿಗೆ ಓದೋಕೇ ಬರಲ್ಲ," ಎಂದರು. "ಇದು ಡಿವೋರ್ಸ್ ಪೇಪರ್ ಅಲ್ವಂತೆ. ಮತ್ತೆ ಇಷ್ಟು ವರ್ಷ ನಾನು ಫ್ರೀಜರಲ್ಲಿ ಇಟ್ಕೊಂಡಿದ್ದೇನು, ಮೀನಿನ ತುಂಡಾ?"

ನನಗೆ ನಗು ಬಂತು, ಆಶ್ಚರ್ಯವೇನೂ ಆಗಲಿಲ್ಲ. ಮನೆಗೆ ಬೆಂಕಿ ಬಿದ್ದರೂ ಫ್ರೀಜರ್ ಉಳಿಯುತ್ತದೆ ಎಂಬ ನಂಬಿಕೆಯಿಂದ ನಮ್ಮ ಅರ್ಧ ಕೌಂಟಿಯ ಮುಖ್ಯ ಕಾಗದಗಳು ಜಿಂಕೆ ಮಾಂಸದ ಅಡಿಯಲ್ಲಿವೆ. ನಾನು ಚೀಲ ಬಿಚ್ಚಿ ಕಾಗದ ತೆಗೆದೆ. ಮೊದಲ ಪುಟದಲ್ಲಿ ನೀಲಿ ಸೀಲು, ಅದರಲ್ಲಿ ತಾರೀಖು: ೧೯೮೪, ಮಾರ್ಚ್ ೧೨. ಅದು ಡಿವೋರ್ಸ್ ಕೊಡಿ ಎಂದು ಹಾಕಿದ ಅರ್ಜಿ. ಡಿವೋರ್ಸ್ ಆಯಿತು ಎಂಬ ಆದೇಶವಲ್ಲ. ಸೀಲು ಹೇಳುತ್ತಿದ್ದದ್ದು ಕೋರ್ಟಿಗೆ ಅರ್ಜಿ ತಲುಪಿದೆ ಎಂದಷ್ಟೇ.

"ಸಿಟ್ಟಾಗ್ಬೇಡಿ," ಎಂದೆ, "ಆ ಹುಡುಗಿ ಟಾಶಾ ಹೇಳಿದ್ದು ಸರೀನೇ. ಇದು ಅರ್ಜಿ. ಕೊನೇ ಆದೇಶ ಬೇರೆ ಇರುತ್ತೆ."

"ಸರಿ, ಹಾಗಾದ್ರೆ ಅದನ್ನೇ ಕೊಡು ಮಗಳೇ. ಶನಿವಾರ ನನ್ನ ಮದುವೆ."

ವರನ ಹೆಸರು ಮರ್ಲ್ ವೋಗ್ಟ್. ಹೆಂಡತಿ ತೀರಿಕೊಂಡ ಮೇಲೆ ಆರು ವರ್ಷ ಇವರ ಜೊತೆ ಇಸ್ಪೀಟಾಡಿ, ಈ ಬೇಸಿಗೆಯಲ್ಲಿ ಧೈರ್ಯ ಮಾಡಿ ಕೇಳಿದ್ದನಂತೆ. ಚರ್ಚಿನ ಸಭಾಂಗಣ ಗೊತ್ತುಮಾಡಿಯಾಗಿತ್ತು, ಅರವತ್ತು ಜನಕ್ಕೆ ಆಲೂಗಡ್ಡೆ ಸಲಾಡಿಗೆ ಹೇಳಿಯಾಗಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಪಾದ್ರಿ ಒಪ್ಪಿದರೂ ಲೈಸೆನ್ಸಿನ ಕಿಟಕಿ ಒಪ್ಪಿರಲಿಲ್ಲ. ಆ ಆದೇಶದ ನಕಲು ಇಲ್ಲದೆ ಶನಿವಾರದ ಮದುವೆ ಇಲ್ಲ.

ಅರ್ಜಿ ಫಾರಂ ಅವರ ಕಡೆ ತಳ್ಳಿದೆ. ದೊಡ್ಡ ದುಂಡಕ್ಷರದಲ್ಲಿ ಬರೆದರು: ಲೊರೆಟ್ ಓಬರ್ಗ್. ಗಂಡನ ಹೆಸರು: ಎಲ್ಡನ್ ಸ್ಟ್ರೂಬ್.

ನಾನು ಪುಸ್ತಕ ತೆರೆಯಲಿಲ್ಲ. ಆ ಫೈಲಿನ ನಂಬರು ನನಗೆ ಬಾಯಿಪಾಠವಾಗಿತ್ತು.

ಎಲ್ಡನ್ ಸ್ಟ್ರೂಬ್ ಪ್ರತಿವರ್ಷ ಮಾರ್ಚ್ ಹನ್ನೆರಡಕ್ಕೆ ಬರುತ್ತಿದ್ದ, ಹನ್ನೆರಡು ರಜೆಯಾದರೆ ಮಾರನೇ ದಿನ. ಎತ್ತರದ ಆಳು. ಬೀಜದ ಕಂಪನಿಯ ಟೋಪಿ ತೆಗೆದು ಮೇಜಿನ ಮೇಲಿಟ್ಟು, ನಂಬರು ಹೇಳಿ, ಫೈಲು ತೆಗೆದುಕೊಂಡು, ಕೊನೆಯ ಪುಟವನ್ನು ಮಾತ್ರ ನೋಡಿ ಐದೇ ನಿಮಿಷದಲ್ಲಿ ಹಿಂದಿರುಗಿಸುತ್ತಿದ್ದ. ಮೊದಮೊದಲು ನಾನು ಬೇಕಾದದ್ದು ಸಿಕ್ಕಿತೇ ಎಂದು ಕೇಳಿದ್ದುಂಟು. "ಹೂಂ," ಎನ್ನುತ್ತಿದ್ದ. ಯಾಕೆ ನೋಡುತ್ತೀರಿ ಎಂದು ಕೇಳುವ ಹಾಗಿಲ್ಲ, ಅದು ನಮ್ಮ ನಿಯಮ. ಕಳೆದೆರಡು ಮಾರ್ಚಿನಲ್ಲಿ ಆತ ಬಂದಿರಲಿಲ್ಲ. ಕಾರಣ ನಾನು ಪತ್ರಿಕೆಯಲ್ಲಿ ಓದಿದ್ದೆ.

"ನಿಮ್ಮ ಯಜಮಾನರು..." ಎಂದು ಶುರುಮಾಡಿದೆ.

"ತೀರ್ಕೊಂಡ, ಗೊತ್ತು. ಎರಡು ಚಳಿಗಾಲ ಆಯ್ತು. ನಾನು ಹೋಗಲಿಲ್ಲ," ಎಂದರು ಲೊರೆಟ್. "ಹೋಗಿ ಎಲ್ಲಿ ಕೂರೋದು ಹೇಳು? ಬಿಟ್ಟ ಹೆಂಡತಿಗೆ ಅಂತ ಚರ್ಚಲ್ಲಿ ಒಂದು ಬೆಂಚು ಹಾಕಿರ್ತಾರಾ?"

ಫೈಲು ತಂದೆ. ಮೂರು ಬೆರಳು ದಪ್ಪ ಇರಬೇಕಾದದ್ದು ಅರ್ಧ ಬೆರಳು ಇತ್ತು. ಅರ್ಜಿ, ಅದರ ಹಿಂದೆ ಎಲ್ಡನ್ ಸಹಿ ಹಾಕಿ ಸಮನ್ಸ್ ತೆಗೆದುಕೊಂಡ ಚೀಟಿ. ಆಮೇಲೆ ವಿಚಾರಣೆಯ ನೋಟಿಸಿನ ಲಕೋಟೆ, ಲೊರೆಟ್ ಹೆಸರಿಗೆ ಹೋಗಿ ವಿಳಾಸದಲ್ಲಿಲ್ಲ ಎಂದು ವಾಪಸಾದದ್ದು. ಅದನ್ನು ಯಾರೂ ಒಡೆದಿರಲಿಲ್ಲ. ಕೊನೆಯ ಪುಟ ೧೯೮೫ರ ಫೆಬ್ರವರಿಯ ಆದೇಶ: ಅರ್ಜಿದಾರಳು ಹಾಜರಾಗದ ಕಾರಣ ಅರ್ಜಿ ವಜಾ. ನಕಲು ಇಬ್ಬರಿಗೂ ಕಳಿಸಿದ್ದರು. ಗಂಡನದು ತಲುಪಿತ್ತು, ಹೆಂಡತಿಯದು ಮತ್ತೆ ವಾಪಸು ಬಂದಿತ್ತು.

ಲೊರೆಟ್ ಕನ್ನಡಕ ಏರಿಸಿ ಆ ಪುಟವನ್ನು ಎರಡು ಸಲ ಓದಿದರು.

"ನಾನು ಆಗ ನಮ್ಮಕ್ಕನ ಮನೇಲಿದ್ದೆ. ನನ್ನ ವಕೀಲ ಪೆಂಬ್ರೂಕ್ ಈ ಕಾಗದ ಕೈಗೆ ಕೊಟ್ಟು, 'ಇನ್ನು ನಿಶ್ಚಿಂತೆಯಾಗಿರಿ, ಮಿಕ್ಕಿದ್ದು ನಾನು ನೋಡ್ಕೋತೀನಿ' ಅಂದಿದ್ದ. ಆಮೇಲೆ ಆಫೀಸಿಗೆ ಬೀಗ ಹಾಕ್ಕೊಂಡು ಅರಿಜೋನಾಗೆ ಹೋದ. ನಾನು ಮುಗೀತು ಅಂದ್ಕೊಂಡೆ. ಸೀಲಿತ್ತಲ್ಲ!"

"ಸೀಲು ಎಲ್ಲದಕ್ಕೂ ಹಾಕ್ತೀವಿ," ಎಂದೆ. ಹೇಳಿದ ಮೇಲೆ ಅದು ಬಹಳ ಒರಟಾಯಿತು ಅನ್ನಿಸಿತು.

"ಹಾಗಾದ್ರೆ ನಾನು ಅವನ ಹೆಂಡತೀನಾ?"

ನನ್ನ ತಲೆಯ ಮೇಲೆ ಫಲಕವೊಂದು ತೂಗುತ್ತದೆ. ಇಲ್ಲಿ ಕಾನೂನು ಸಲಹೆ ಕೊಡುವುದಿಲ್ಲ. ಅದನ್ನು ದಿನಕ್ಕೆ ಹತ್ತು ಸಲ ಬೆರಳು ಮಾಡಿ ತೋರಿಸುತ್ತೇನೆ. ಆ ಹೊತ್ತು ತೋರಿಸಲು ಕೈ ಏಳಲಿಲ್ಲ.

"ನಾನು ಹಾಗೆ ಹೇಳೋ ಹಾಗಿಲ್ಲ," ಎಂದೆ. "ಫೈಲಲ್ಲಿ ಏನಿದೆ ಏನಿಲ್ಲ ಅಂತ ಮಾತ್ರ ಹೇಳಬಹುದು. ಡಿವೋರ್ಸ್ ಆದೇಶ ಇಲ್ಲ. ಇಲ್ಲ ಅಂತ ನಾನು ಸೀಲು ಹಾಕಿ ಬರ್ಕೊಡ್ತೀನಿ. ಟಾಶಾ ಹತ್ರ ಇರೋ ಫಾರಂ ನೋಡಿ. ಹಿಂದಿನ ಮದುವೆ ಹೇಗೆ ಮುಗೀತು ಅಂತ ಕೇಳ್ತಾರೆ. ಎರಡು ಚೌಕ ಇದೆ. ಒಂದು ಡಿವೋರ್ಸ್. ಇನ್ನೊಂದು ಸಾವು. ಎರಡನೇದಕ್ಕೆ ಡಿವೋರ್ಸ್ ಕಾಗದ ಬೇಡ, ಎಲ್ಡನ್ ಅವರ ಮರಣ ಪ್ರಮಾಣಪತ್ರ ಸಾಕು. ಅದು ರಸ್ತೆ ಆಚೆ ಆರೋಗ್ಯ ಇಲಾಖೇಲಿ ಇವತ್ತೇ ಸಿಗುತ್ತೆ."

ಅವರಿಗೆ ಅರ್ಥವಾಯಿತು. ಶನಿವಾರದ ಮದುವೆ ಉಳಿದಿತ್ತು. ನಾನು ಸಮಾಧಾನದ ಮುಖ ನಿರೀಕ್ಷಿಸಿದ್ದೆ, ಲೊರೆಟ್ ಮಾತ್ರ ಆ ಆದೇಶದ ಮೇಲಿನಿಂದ ಕಣ್ಣು ತೆಗೆಯಲಿಲ್ಲ.

"ಅವನ ನಕಲು ತಲುಪಿತ್ತು," ಎಂದರು ನಿಧಾನವಾಗಿ. "ಅವನಿಗೆ ಗೊತ್ತಿತ್ತು."

ಸುಮ್ಮನಿದ್ದಿದ್ದರೆ ನಡೆಯುತ್ತಿತ್ತು. ಆದರೆ ಫೈಲು ನೋಡಿದವರು ಸಹಿ ಹಾಕಲೇಬೇಕು. ನಾನು ಜೇಬಿನಿಂದ ಕಾರ್ಡು ಎಳೆದೆ. ಒಂದಲ್ಲ, ಪಿನ್ನು ಹೊಡೆದ ಎರಡು ಕಾರ್ಡು. ಎರಡು ಬದಿಯೂ ತುಂಬಿ, ಎರಡನೆಯದರ ಕೊನೆಯಲ್ಲಿ ಒಂದೇ ಸಾಲು ಖಾಲಿ ಉಳಿದಿತ್ತು. ೧೯೮೫, ಮಾರ್ಚ್ ೧೨. ೧೯೮೬, ಮಾರ್ಚ್ ೧೨. ಹಾಗೆಯೇ ೨೦೨೧ರವರೆಗೆ, ಒಂದು ವರ್ಷವೂ ತಪ್ಪದೆ ಮೂವತ್ತೇಳು ಸಹಿ. ಎಲ್ಲವೂ ಎಲ್ಡನ್ ಸ್ಟ್ರೂಬ್‌ನವು. ಕೇಸಿಗೆ ಏನಾಗಬೇಕು ಎಂಬಲ್ಲಿ ಮೂವತ್ತೇಳು ಸಲವೂ ಒಂದೇ ಮಾತು ಬರೆದಿತ್ತು: ಗಂಡ.

ಇಪ್ಪತ್ತೊಂದು ಸಲ ಆ ಕಾರ್ಡನ್ನು ಅವನ ಕೈಗೆ ಕೊಟ್ಟವಳು ನಾನು. ಇಪ್ಪತ್ತೊಂದು ಸಲ ವಾಪಸು ತೆಗೆದುಕೊಂಡು ಜೇಬಿಗೆ ತುರುಕಿದವಳೂ ನಾನೇ. ಒಮ್ಮೆ ಕಣ್ಣು ಹಾಯಿಸಿದ್ದರೆ! ಹಾಯಿಸಿಯೂ ಏನು ಮಾಡಲಾಗುತ್ತಿತ್ತು ಎಂದು ಈಗಲೂ ನನಗೆ ತಿಳಿಯದು.

"ಬರ್ತಿದ್ನಾ? ಇಲ್ಲಿಗೆ? ಪ್ರತಿವರ್ಷ?"

"ಬರ್ತಿದ್ರು. ಕೊನೇ ಪುಟ ನೋಡಿ ಹೋಗ್ತಿದ್ರು."

"ನಾನು ಮತ್ತೆ ಅರ್ಜಿ ಹಾಕಿದ್ದೀನಾ ಅಂತ ನೋಡೋಕೆ."

"ಅನ್ಸುತ್ತೆ."

"ಬಾಯಿ ಬಿಟ್ಟು ಏನಾದ್ರೂ ಹೇಳಿದ್ನಾ ನಿನ್ನ ಹತ್ರ?"

"ಹೂಂ ಅಂತಿದ್ರು, ಅಷ್ಟೇ."

ಲೊರೆಟ್ ಅಂಗೈಯಿಂದ ಕೌಂಟರಿಗೆ ಬಡಿದರು. "ಹೂಂ! ಹೂಂ ಅಂತೆ! ಅವನು ಹೊಡೀಲಿಲ್ಲ ಕಣೇ, ಬಯ್ಯಲಿಲ್ಲ, ಕುಡೀಲಿಲ್ಲ. ಮಾತೇ ಆಡ್ಲಿಲ್ಲ. ಹನ್ನೊಂದು ವರ್ಷ ಊಟದ ಮೇಜಿನ ಎದುರು ಗೋಡೆ ಕೂರಿಸ್ಕೊಂಡ ಹಾಗಿತ್ತು ನಂಗೆ. ಒಂದು ದಿನ, 'ಎಲ್ಡನ್, ನಾನು ಹೊರಟೋಗ್ತೀನಿ' ಅಂದೆ. ಅದಕ್ಕೂ ಹೂಂ ಅಂದ. ಬೇಡ ಅನ್ನೋಕೆ ಎಷ್ಟು ಹೊತ್ತು ಬೇಕು ಹೇಳು? ನಾನು ಇದ್ದದ್ದು ಇಲ್ಲಿಂದ ಹದಿನಾಲ್ಕು ಮೈಲಿ ದೂರದಲ್ಲಿ. ನನ್ನ ಹೆಸರು ಫೋನ್ ಪುಸ್ತಕದಲ್ಲಿತ್ತು. ಮೂವತ್ತೇಳು ವರ್ಷ ಈ ನೆಲಮಾಳಿಗೆಗೆ ಇಳಿದು ಬಂದವನಿಗೆ ಒಂದು ಸಲ ಫೋನ್ ಎತ್ತೋಕಾಗ್ಲಿಲ್ವಾ? ಮೂರ್ಖ! ಹಟಮಾರಿ ಮೂರ್ಖ!"

ಬೈಯುತ್ತಲೇ ಅತ್ತರು. ನಾನು ಟಿಶ್ಯೂ ಡಬ್ಬಿ ಮುಂದಿಟ್ಟೆ. ನನ್ನ ಕೌಂಟರಿನಲ್ಲಿ ಅದು ಯಾವಾಗಲೂ ಇರುತ್ತದೆ. ಹೆಚ್ಚಾಗಿ ಖಾಲಿ ಮಾಡುವವರು ಗಂಡಸರು.

ಸ್ವಲ್ಪ ಹೊತ್ತಿನ ಮೇಲೆ ಅವರು ಮೂಗು ಒರೆಸಿಕೊಂಡು ಪೆನ್ನು ಕೇಳಿದರು. ಉಳಿದಿದ್ದ ಒಂದು ಸಾಲಿನಲ್ಲಿ ತಾರೀಖು ಹಾಕಿದರು. ಸಹಿಯ ಜಾಗದಲ್ಲಿ ಲೊರೆಟ್ ಓಬರ್ಗ್ ಎಂದು ಬರೆದು, ಅದನ್ನು ನೋಡುತ್ತ ನಿಂತು, ಮುಂದೆ ಸ್ಟ್ರೂಬ್ ಎಂದು ಸೇರಿಸಿದರು. ಏನಾಗಬೇಕು ಎಂಬಲ್ಲಿ ಪೆನ್ನು ತುಸು ಹೊತ್ತು ಗಾಳಿಯಲ್ಲೇ ನಿಂತಿತು. ಆಮೇಲೆ ಬರೆದರು: ಹೆಂಡತಿ.

ನಾನು ವಜಾ ಆದೇಶದ ನಕಲು ತೆಗೆದು, ಡಿವೋರ್ಸ್ ಆದೇಶ ಇಲ್ಲವೆಂಬ ಪತ್ರ ಟೈಪು ಮಾಡಿ, ಎರಡಕ್ಕೂ ಉಬ್ಬುಸೀಲು ಒತ್ತಿದೆ. ಆ ಯಂತ್ರ ಹಳೆಯದು, ಎರಡೂ ಕೈ ಹಾಕಿ ಮೈಭಾರ ಬಿಡಬೇಕು.

"ಇದಕ್ಕೆ ಹಾಕಿದ್ದು ನಿಜವಾದ ಸೀಲು ತಾನೇ?" ಎಂದು ಕೇಳಿದರು.

"ನಿಜವಾದ್ದು. ಫ್ರೀಜರಲ್ಲಿ ಇಡಬಹುದು."

ಅವರು ನಕ್ಕರು. ಆಗಲೇ ಮೆಟ್ಟಿಲ ಮೇಲೆ ಭಾರದ ಹೆಜ್ಜೆ ಕೇಳಿಸಿತು. ಹೊರಗೆ ಪಿಕಪ್ಪಿನಲ್ಲಿ ಕಾದು ಕಾದು ಸಾಕಾದ ಮರ್ಲ್ ವೋಗ್ಟ್ ಏದುಸಿರು ಬಿಡುತ್ತ ಒಳಗೆ ಬಂದ. ಗುಂಡಗಿನ, ಕೆಂಪು ಮುಖದ, ಬಾಯಿಗೆ ಬಿಡುವಿಲ್ಲದ ಮನುಷ್ಯ.

"ಏನ್ ಲೊರೆಟ್, ಕಾಗದ ತಗೊಂಡು ಬರ್ತೀನಿ ಅಂದವಳು ಕಾಗದ ಮಾಡೋ ಕಾರ್ಖಾನೆಗೇ ಹೋದ್ಯಾ? ನಂಗೆ ಹಸಿವಾಗ್ತಿದೆ. ಸಿಗ್ತೋ ಇಲ್ವೋ? ಇಲ್ಲ ಅಂದ್ರೆ ಹೇಳ್ಬಿಡು, ಆ ಸಲಾಡನ್ನೆಲ್ಲ ನಾನೊಬ್ಬನೇ ತಿಂತೀನಿ."

"ಸಿಕ್ತು," ಎಂದರು ಲೊರೆಟ್. "ಮದುವೆಗೆ ಅಡ್ಡಿ ಇಲ್ಲ. ಆದ್ರೆ ಈ ಶನಿವಾರ ಬೇಡ ಮರ್ಲ್. ಮುಂದಿನ ಶನಿವಾರ ಆಗ್ಲಿ."

"ಯಾಕೆ? ಅಡ್ಡಿ ಇಲ್ಲ ಅಂತೀಯ!" ಅವನ ಮುಖ ಚಿಕ್ಕದಾಯಿತು. "ಮನಸ್ಸು ಬದಲಾಯ್ತಾ?"

"ಇಲ್ಲ ಕಣೋ. ನಿನ್ನನ್ನೇ ಮಾಡ್ಕೊಳ್ಳೋದು. ನೀನು ಮಾತಾಡ್ತೀಯ, ಅಷ್ಟು ಸಾಕು ನಂಗೆ." ಅವರು ಕಾಗದಗಳನ್ನು ಮಡಿಸಿ ಚೀಲಕ್ಕೆ ಹಾಕಿದರು. "ನನ್ನ ಗಂಡ ತೀರ್ಕೊಂಡಿದ್ದಾನೆ ಮರ್ಲ್. ಒಂದು ವಾರನಾದ್ರೂ ಬೇಡ್ವಾ?"

ಮರ್ಲ್ ನನ್ನ ಮುಖ ನೋಡಿದ, ಮೇಜಿನ ಮೇಲಿದ್ದ ಫೈಲು ನೋಡಿದ. ಅವನಿಗೆ ಎಷ್ಟು ತಿಳಿಯಿತೋ ನನಗೆ ಗೊತ್ತಿಲ್ಲ. ಬಾಯಿ ತೆರೆದವನು ಮುಚ್ಚಿ, ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಮೆಟ್ಟಿಲು ಹತ್ತಲು ಅವರಿಗೆ ಕೈ ಕೊಟ್ಟ.